ದತ್ತು: ಕೂಸಿನ ಪರವಾಗಿ ಬಾಗಿಲು ತಟ್ಟಿದವರು ಯಾರು?

ಕಿತ್ತೂರಿನ ಪಾಠ ನಾವೆಲ್ಲ ಓದಿದವರೇ. ನಮ್ಮಲ್ಲಿ ಎಷ್ಟೋ ಜನ ಈಗ ಮೇಷ್ಟ್ರಾಗಿ ಅದೇ ಪಾಠ ಹೇಳುತ್ತಲೂ ಇದ್ದೇವೆ. 1824ರಲ್ಲಿ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುಂಚೆ ಶಿವಲಿಂಗಪ್ಪ ಅನ್ನುವ ಹುಡುಗನನ್ನು ದತ್ತು ತೆಗೆದುಕೊಂಡಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ಆ ದತ್ತುಪತ್ರದ ಮೇಲೆ ಅನುಮಾನ. ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆ ಬಾಗಿಲಲ್ಲಿ ಥ್ಯಾಕರೆ ಸತ್ತ, ಡಿಸೆಂಬರಿನಲ್ಲಿ ಕೋಟೆ ಬಿತ್ತು, ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಅದೇ ದತ್ತುಮಗನನ್ನು ಗದ್ದುಗೆಗೆ ಕೂರಿಸುತ್ತೇನೆಂದು ಹೊರಟ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೆ ಹಾಕಿದರು.

ಇಷ್ಟೆಲ್ಲ ಹೇಳುವ ಪಾಠದಲ್ಲಿ ಒಂದು ಪ್ರಶ್ನೆ ಯಾವ ಹುಡುಗನೂ ಕೇಳೋದಿಲ್ಲ, ನಾವೂ ಕೇಳಿಸಿಲ್ಲ. ಆ ಶಿವಲಿಂಗಪ್ಪನಿಗೆ ಏನಾಗಿತ್ತು? ಮನೆಯಿಂದ ಎದ್ದು ಅರಮನೆಗೆ ಹೋಗು ಅಂದಾಗ ಅವನು ಅತ್ತನೋ, ಹೆತ್ತವಳು ಅತ್ತಳೋ? ಕಂಪನಿ ಸರ್ಕಾರಕ್ಕೆ ಬೇಕಾದದ್ದು ಸಂಸ್ಥಾನ. ಸಂಸ್ಥಾನಕ್ಕೆ ಬೇಕಾದದ್ದು ವಾರಸುದಾರ. ಹುಡುಗನೊಬ್ಬ ಹುಡುಗ ಅನ್ನುವುದು ಎರಡೂ ಕಡೆಯವರ ಲೆಕ್ಕದಲ್ಲಿ ಇರಲಿಲ್ಲ. ನಾವು ಚೆನ್ನಮ್ಮನನ್ನೋ ರಾಯಣ್ಣನನ್ನೋ ಕಡಿಮೆ ಮಾಡಿ ಹೇಳುತ್ತಿಲ್ಲ, ರಾಯಣ್ಣ ನಮ್ಮವನು. ನಾವು ಹೇಳುತ್ತಿರುವುದು ನಮ್ಮ ಚರಿತ್ರೆಯ ಪುಸ್ತಕದಲ್ಲಿ ದತ್ತು ಅನ್ನುವ ಮಾತು ಬಂದಾಗಲೆಲ್ಲ ಗದ್ದುಗೆಯ ಮಾತೇ ಬರುತ್ತದೆ ಅಂತ. ಸತಾರಾ ಬಂತು, ಝಾನ್ಸಿ ಬಂತು. ಮೈಸೂರಿನ ಮುಮ್ಮಡಿಯವರು 1865ರಲ್ಲಿ ದತ್ತು ತೆಗೆದುಕೊಂಡ ಹಸುಗೂಸಿನ ವಿಚಾರವಾಗಿ ಲಂಡನ್ನಿನ ತನಕ ಕಾಗದ ಓಡಾಡಿದವು. ಕಾಗದಗಳೆಲ್ಲ ರಾಜ್ಯದವು. ಕೂಸಿನದು ಒಂದೂ ಇಲ್ಲ.

ಶಾಸ್ತ್ರ ಇನ್ನೂ ಹಿಂದಿನದು, ಇನ್ನೂ ನಿರ್ದಯ. ದತ್ತು ಯಾಕೆ? ಅಪ್ಪನಿಗೆ ಪಿಂಡ ಹಾಕೋಕೆ. ಹಾಗಾಗಿ ಗಂಡು ಬೇಕು. ಸ್ವಜಾತಿಯದೇ ಬೇಕು. ದ್ವಿಜರು ಮಗಳ ಮಗನನ್ನು, ಅಕ್ಕತಂಗಿಯರ ಮಗನನ್ನು ದತ್ತು ತೆಗೆದುಕೊಳ್ಳಬಾರದು, ಶೂದ್ರರಾದರೆ ತೆಗೆದುಕೊಳ್ಳಬಹುದು. ದ್ವಿಜರಿಗೆ ದತ್ತಹೋಮ, ಶೂದ್ರರಿಗೆ ಹೋಮ ಬೇಕಿಲ್ಲ. ಬ್ರಿಟಿಷರ ಕೋರ್ಟುಗಳು ಈ ವಾಕ್ಯಗಳನ್ನೆಲ್ಲ ಕಾನೂನು ಅಂತ ಎತ್ತಿಕೊಂಡವು. ಹೀಗಾಗಿ ಒಂದು ದತ್ತು ಊರ್ಜಿತವೋ ಅಲ್ಲವೋ ಎಂದು ತೀರ್ಮಾನಿಸಲು ಜಡ್ಜು ಸಾಹೇಬರು ಮೊದಲು ಆ ಮನೆಯವರು ಯಾವ ವರ್ಣ ಎಂದು ತೀರ್ಮಾನಿಸಬೇಕಾಗಿತ್ತು. ಕೂಸಿಗೆ ಹಾಲು ಸಿಗುತ್ತದೋ ಇಲ್ಲವೋ ಅನ್ನೋದು ಯಾವ ಮೊಕದ್ದಮೆಯ ವಿಷಯವೂ ಆಗಲಿಲ್ಲ.

ಹೆಣ್ಣುಮಗುವನ್ನು ದತ್ತು ಕೊಡುವ ಮಾತೇ ಶಾಸ್ತ್ರಿಗಳ ವ್ಯವಹಾರದಲ್ಲಿ ಇರಲಿಲ್ಲ. ಇದ್ದದ್ದು ಒಂದು ಕಡೆ. ದೇವದಾಸಿಯರು ಹೆಣ್ಣುಕೂಸುಗಳನ್ನು ಮಗಳಾಗಿ ತೆಗೆದುಕೊಳ್ಳುತ್ತಿದ್ದರು. 1860ರ ದಂಡಸಂಹಿತೆಯಲ್ಲಿ ಎಳೆಯ ಹೆಣ್ಣುಮಕ್ಕಳನ್ನು ಸೂಳೆಗಾರಿಕೆಗೆ ಮಾರೋದು, ಕೊಳ್ಳೋದು ಎರಡೂ ಅಪರಾಧ ಎಂದು ಬರೆದಾಗಿತ್ತು. ಆದರೂ ಇಂಥ ದತ್ತು ಸರಿಯೇ ಎನ್ನುವ ವಾದ ಕೋರ್ಟುಗಳಲ್ಲಿ ನಡೆಯಿತು. ಬೊಂಬಾಯಿ ಹೈಕೋರ್ಟು 1880ರಲ್ಲಿ ಒಲ್ಲೆ ಎಂದಿತು. ಮದರಾಸಿನ ಕೋರ್ಟು ರೂಢಿ ಎಂಬ ಹೆಸರಿನಲ್ಲಿ ಒಪ್ಪಿಕೊಂಡಿತು. ಇಲ್ಲೂ ಜಗಳ ಆಸ್ತಿಯದೇ. ಆ ಮಕ್ಕಳಲ್ಲಿ ಯಾರ ಕೇರಿಯವರು ಎಷ್ಟು ಜನ ಎಂದು ಸವದತ್ತಿ ಗುಡ್ಡ ಹತ್ತಿದವರಿಗೆ ಹೇಳಬೇಕಾಗಿಲ್ಲ. ಮೈಸೂರು ಸರ್ಕಾರ ಮುಜರಾಯಿ ಗುಡಿಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿದ್ದು 1909ರಲ್ಲಿ. ಇಡೀ ಕರ್ನಾಟಕಕ್ಕೆ ಅನ್ವಯಿಸುವ ನಿಷೇಧದ ಕಾಯಿದೆ ಬರಲು 1982ರ ತನಕ ಕಾಯಬೇಕಾಯಿತು.

ನಮ್ಮ ಹಟ್ಟಿಗಳ ಕಡೆ ದತ್ತು ಅನ್ನುವ ಪದ ಬಳಕೆಯಲ್ಲೇ ಇರಲಿಲ್ಲ. ಇದ್ದದ್ದು ‘ಸಾಕೋದು’. ತಾಯಿ ಸತ್ತರೆ ಚಿಕ್ಕವ್ವ ಎದೆಗೆ ಹಾಕ್ಕೊಂಡಳು, ಚಿಕ್ಕವ್ವನೂ ಇಲ್ಲದಿದ್ದರೆ ಪಕ್ಕದ ಗುಡಿಸಲ ಅಜ್ಜಿ ಗಂಜಿ ಕುಡಿಸಿದಳು. ಹೋಮ ಇಲ್ಲ, ಪತ್ರ ಇಲ್ಲ. ಮಗು ಬದುಕಿತು. ಇದನ್ನು ನೆನೆಸಿಕೊಂಡು ನಾವು ಹೆಮ್ಮೆ ಪಡುವುದು ಸರಿಯೇ. ಆದರೆ ಇನ್ನೊಂದು ‘ಸಾಕೋದು’ ಇತ್ತು. ಅಪ್ಪನ ಸಾಲಕ್ಕೆ ಏಳೆಂಟು ವರ್ಷದ ಹುಡುಗ ದೊಡ್ಡ ಮನೆಯ ಕೊಟ್ಟಿಗೆ ಸೇರುತ್ತಿದ್ದ. ಯಾರಾದರೂ ಕೇಳಿದರೆ, ‘ಜೀತದೋನಾ? ಛೆ, ನಮ್ಮ ಸಾಕುಮಗ ಕಣ್ರೀ’ ಎಂದು ಮೀಸೆಯಡಿ ನಗುತ್ತಿದ್ದರು. 1976ರಲ್ಲಿ ಜೀತ ನಿಷೇಧದ ಕಾಯಿದೆ ಬಂದ ಮೇಲಂತೂ ಈ ಸಾಕುಮಕ್ಕಳ ಸಂಖ್ಯೆ ಏಕಾಏಕಿ ಏರಿತು! ಆ ಹುಡುಗ ಎಲ್ಲಿ ಮಲಗ್ತಾನೆ, ಯಾವ ತಟ್ಟೇಲಿ ಉಣ್ತಾನೆ, ಸ್ಕೂಲಿಗೆ ಹೋಗ್ತಾನಾ — ಈ ಮೂರು ಪ್ರಶ್ನೆ ಕೇಳುವ ಒಬ್ಬ ಮನುಷ್ಯ ಬಂದಿದ್ದರೆ ಸಾಕಿತ್ತು, ಮಗನೋ ಜೀತದಾಳೋ ತಿಳಿದುಹೋಗುತ್ತಿತ್ತು.

ಆ ಮೂರು ಪ್ರಶ್ನೆ ಕೇಳುವ ಮನುಷ್ಯನ ಚರಿತ್ರೆಯನ್ನೇ ನಾವು ಇಲ್ಲಿ ಹೇಳಹೊರಟಿರುವುದು. ಅವನನ್ನು, ಬಹಳ ಸಲ ಅವಳನ್ನು, ಸರ್ಕಾರಿ ಕಾಗದದಲ್ಲಿ ಸಮಾಜ ಕಾರ್ಯಕರ್ತೆ ಎನ್ನುತ್ತಾರೆ, ಪೇಟೆಯವರು ಕೇಸ್ ವರ್ಕರ್ ಎನ್ನುತ್ತಾರೆ.

ಬಾಬಾಸಾಹೇಬರ ಹಿಂದೂ ಕೋಡ್ ಬಿಲ್ಲು ಮದುವೆಗೂ ದತ್ತಿಗೂ ಅಂಟಿಕೊಂಡಿದ್ದ ಜಾತಿಯ ಷರತ್ತನ್ನು ಕಿತ್ತುಹಾಕಹೊರಟಿತ್ತು. ಬಿಲ್ಲು ಮುಳುಗಿತು, 1951ರಲ್ಲಿ ಅವರು ಮಂತ್ರಿಗಿರಿ ಬಿಟ್ಟು ಹೊರಬಂದರು. ಆಮೇಲೆ ಅದೇ ಬಿಲ್ಲನ್ನು ನಾಲ್ಕು ಹೋಳು ಮಾಡಿ ಪಾಸು ಮಾಡಿದರು. ದತ್ತಿನ ಹೋಳು 1956ರಲ್ಲಿ ಬಂತು. ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದು, ಜಾತಿ ಕೇಳುವ ಹಾಗಿಲ್ಲ, ದತ್ತಹೋಮ ಅಗತ್ಯವಲ್ಲ, ಕೊಡುವುದಕ್ಕೆ ಪಡೆಯುವುದಕ್ಕೆ ದುಡ್ಡು ಮುಟ್ಟುವ ಹಾಗಿಲ್ಲ. ದೊಡ್ಡ ಹೆಜ್ಜೆ. ಸುಳ್ಳಲ್ಲ. ಆದರೆ ಆ ಕಾಯಿದೆಯನ್ನು ಮೊದಲಿಂದ ಕೊನೆತನಕ ಓದಿ ನೋಡಿ: ಕೊಡುವವನ ಯೋಗ್ಯತೆ ಇದೆ, ತೆಗೆದುಕೊಳ್ಳುವವನ ಯೋಗ್ಯತೆ ಇದೆ, ವಯಸ್ಸಿನ ಅಂತರ ಇದೆ. ತೆಗೆದುಕೊಳ್ಳುವವನ ಮನೆಗೆ ಹೋಗಿ ನೋಡಿಬರುವವರು ಇಲ್ಲ. ಅಪ್ಪ ಅಮ್ಮ ಕೈಯೆತ್ತಿ ಕೊಟ್ಟರೆ ಮುಗೀತು. 1962ರ ತಿದ್ದುಪಡಿಯಲ್ಲಿ ಹೆತ್ತವರು ಯಾರೆಂದು ತಿಳಿಯದ, ಬಿಟ್ಟುಹೋದ ಮಕ್ಕಳನ್ನು ಪಾಲಕರು ಕೊಡುವುದಾದರೆ ಕೋರ್ಟಿನ ಅನುಮತಿ ಬೇಕು, ಮಗುವಿನ ಒಳಿತು ನೋಡಬೇಕು ಎಂದು ಸೇರಿಸಿದರು. ಹಿಂದೂಗಳಲ್ಲದವರಿಗೆ ಅದೂ ಇಲ್ಲ, 1890ರ ಗಾರ್ಡಿಯನ್ಸ್ ಕಾಯಿದೆಯಡಿ ಬರೀ ಪೋಷಕರಾಗಬಹುದು ಅಷ್ಟೆ. ವಿದೇಶದಿಂದ ಬಂದು ಮಕ್ಕಳನ್ನು ಒಯ್ಯುವವರೂ ಇದೇ 1890ರ ಬಾಗಿಲಿನಲ್ಲಿ ನುಗ್ಗುತ್ತಿದ್ದರು.

ಹೀಗೆ ಒಯ್ಯುವುದರಲ್ಲಿ ನಡೆಯುವ ವ್ಯಾಪಾರದ ಬಗ್ಗೆ 1982ರಲ್ಲಿ ಲಕ್ಷ್ಮೀಕಾಂತ ಪಾಂಡೆ ಅನ್ನುವ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು. ಆಗ ಕಾಗದವನ್ನೇ ರಿಟ್ ಅರ್ಜಿ ಅಂತ ತೆಗೆದುಕೊಳ್ಳುವ ಕಾಲ. 1984ರ ಫೆಬ್ರವರಿ 6ರಂದು ನ್ಯಾಯಮೂರ್ತಿ ಭಗವತಿಯವರು ತೀರ್ಪು ಕೊಟ್ಟರು. ಆ ತೀರ್ಪನ್ನು ಊರಿನ ಮೇಷ್ಟ್ರುಗಳು, ಹಾಸ್ಟೆಲ್ ಹುಡುಗರು ಕೂತು ಓದಬೇಕು. ಕೂಸಿನ ಪರವಾಗಿ ಯಾರು ಬಾಗಿಲು ತಟ್ಟಬೇಕು, ಯಾವ ಬಾಗಿಲು ತಟ್ಟಬೇಕು, ಎಷ್ಟು ಸಲ ತಟ್ಟಬೇಕು ಎಂದು ಈ ದೇಶದಲ್ಲಿ ಅಷ್ಟು ವಿವರವಾಗಿ ಬರೆದದ್ದು ಅಲ್ಲೇ.

ಮೊದಲ ಬಾಗಿಲು ಹೆತ್ತವಳದು. ಇದನ್ನು ಒತ್ತಿ ಹೇಳಬೇಕು, ಯಾಕಂದರೆ ಎಲ್ಲರೂ ಮರೆಯುವುದು ಇದನ್ನೇ. ದತ್ತು ಅಂದರೆ ಏನು, ಕೊಟ್ಟರೆ ಮಗು ಮತ್ತೆ ಸಿಗುವುದಿಲ್ಲ, ಪರದೇಶಕ್ಕೂ ಹೋಗಬಹುದು ಎಂದು ಅವಳಿಗೆ ತಿಳಿಯುವಂತೆ ಹೇಳಬೇಕು. ಮಗುವನ್ನು ತಾನೇ ಇಟ್ಟುಕೊಳ್ಳಲು ಏನು ದಾರಿ ಇದೆ ಅಂತಲೂ ಹೇಳಬೇಕು. ಒತ್ತಾಯ ಕೂಡದು. ಮಗು ಹುಟ್ಟುವ ಮೊದಲು, ಹುಟ್ಟಿದ ಮೂರು ತಿಂಗಳ ಒಳಗೆ ಅವಳ ಒಪ್ಪಿಗೆ ತೆಗೆದುಕೊಳ್ಳಲೇಕೂಡದು. ಮೂರು ತಿಂಗಳು! ಹಸಿ ಬಾಣಂತಿಯ ಹೆಬ್ಬೆಟ್ಟಿಗೆ ಶಾಯಿ ಹಚ್ಚುವವರ ಕೈ ತಡೆಯೋಕೆ ಇಟ್ಟ ಮಾತು ಅದು.

ಆಮೇಲೆ ಕೂಸಿನ ವರದಿ. ಅದು ಎಲ್ಲಿ ಸಿಕ್ಕಿತು, ಮೈ ಹೇಗಿದೆ, ಏನು ತಿನ್ನುತ್ತದೆ, ಯಾರನ್ನು ಕಂಡರೆ ನಗುತ್ತದೆ, ಯಾವುದಕ್ಕೆ ಬೆಚ್ಚುತ್ತದೆ. ಈ ವರದಿ ಬರೆಯುವವಳಿಗೆ ತಾನು ಏನು ಬರೆಯುತ್ತಿದ್ದೇನೆ ಎಂದು ಗೊತ್ತಿರಬೇಕು. ಮೂವತ್ತು ವರ್ಷ ಆದ ಮೇಲೆ ಯಾವುದೋ ತಣ್ಣನೆಯ ದೇಶದಿಂದ ನಮ್ಮ ಬಣ್ಣದ, ನಮ್ಮ ಮೂಗಿನ, ನಮ್ಮ ಮಾತು ಬಾರದ ಒಬ್ಬಳು ಬಂದು ‘ನಮ್ಮವ್ವ ಯಾರು’ ಎಂದು ಕೇಳಿದರೆ ಅವಳ ಕೈಲಿರುವುದು ಅದೊಂದೇ ಹಾಳೆ. ಕೇಸ್ ವರ್ಕರಳು ಅವಸರದಲ್ಲಿ ಗೀಚಿದ ಮೂರು ಸಾಲು ಆ ಜೀವದ ಇಡೀ ಕುಲಪುರಾಣ ಆಗಿಬಿಡುತ್ತದೆ.

ಮೂರನೆಯದು ತೆಗೆದುಕೊಳ್ಳುವವರ ಮನೆ. ಸಂಸಾರ ಹೇಗಿದೆ, ಗಳಿಕೆ ಎಷ್ಟು, ಆರೋಗ್ಯ ಏನು, ಯಾಕೆ ಮಗು ಬೇಕು, ಇರುವ ಮಕ್ಕಳು ಏನಂತಾರೆ, ಇವರು ಸತ್ತರೆ ಮಗುವಿಗೆ ಯಾರು ಗತಿ. ಪರದೇಶದವರಾದರೆ ಅಲ್ಲಿನ ಮಾನ್ಯ ಸಂಸ್ಥೆಯೊಂದು ಇದನ್ನು ಬರೆದು ಹೊಣೆ ಹೊರಬೇಕು. ಮಗು ಹೋದ ಮೇಲೆ ಮೊದಲ 2 ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ 3 ವರ್ಷ ಆರು ತಿಂಗಳಿಗೊಮ್ಮೆ ಫೋಟೋ ಸಮೇತ ವರದಿ ಬರಬೇಕು. ಅಲ್ಲಿ ಹೊಂದದೇ ಹೋದರೆ ವಾಪಸು ಕರೆತರುವ ಖರ್ಚಿಗೆ ಮೊದಲೇ ಜಾಮೀನು ಇಟ್ಟಿರಬೇಕು. ದತ್ತು ಕೊಡಿಸುವ ಸಂಸ್ಥೆಗೆ ಸಂಬಂಧವಿಲ್ಲದ ಬೇರೆ ಸಂಸ್ಥೆಯೊಂದು ಕಾಗದಗಳನ್ನೆಲ್ಲ ತಪಾಸಣೆ ಮಾಡಿ ಕೋರ್ಟಿಗೆ ಹೇಳಬೇಕು. ಮಗು ಮೊದಲು ಹೆತ್ತವರ ಹತ್ತಿರವೇ ಉಳಿಯಬೇಕು, ಆಗದಿದ್ದರೆ ಈ ದೇಶದ ಮನೆಗೆ, ಅದೂ ಆಗದಿದ್ದರೆ ಹೊರದೇಶಕ್ಕೆ. ತೀರ್ಪಿನ ಜಾಡು ಇದು. ಇದರ ಬೆನ್ನಿಗೆ 1990ರಲ್ಲಿ ದಿಲ್ಲಿಯಲ್ಲಿ ಕಾರಾ ಅನ್ನುವ ಕೇಂದ್ರ ಸಂಸ್ಥೆ ಹುಟ್ಟಿತು.

ಕಾಗದದಲ್ಲಿ ಇಷ್ಟು ಭದ್ರವಾಗಿದ್ದ ಕೋಟೆ ಒಡೆದದ್ದು ಎಲ್ಲಿ? ನಲ್ಗೊಂಡದ ತಾಂಡಾಗಳಲ್ಲಿ. 1999ರಲ್ಲಿ ಒಂದು ಸಲ, 2001ರಲ್ಲಿ ಇನ್ನೊಂದು ಸಲ ಆಗಿನ ಆಂಧ್ರಪ್ರದೇಶದಲ್ಲಿ ಸುದ್ದಿ ಸ್ಫೋಟವಾಯಿತು. ಲಂಬಾಣಿ ಹೆಂಗಸರ ಹಸುಗೂಸುಗಳನ್ನು, ಅದರಲ್ಲೂ ಮೂರನೆಯ ನಾಲ್ಕನೆಯ ಹೆಣ್ಣುಕೂಸುಗಳನ್ನು, ದಲ್ಲಾಳಿಗಳು ಪುಡಿಗಾಸಿಗೆ ಕೊಂಡು ಹೈದರಾಬಾದಿನ ದತ್ತು ಸಂಸ್ಥೆಗಳಿಗೆ ಮುಟ್ಟಿಸುತ್ತಿದ್ದರು. ಅಲ್ಲಿಂದ ಡಾಲರಿನ ಲೆಕ್ಕ. (ಗುಲ್ಬರ್ಗ, ಬಿಜಾಪುರದ ಕಡೆಯ ನಮ್ಮ ತಾಂಡಾಗಳ ಜನ ಆ ಜನರೇ, ಮಾತೂ ಅದೇ. ಇಲ್ಲಿ ಅವರು ಪರಿಶಿಷ್ಟ ಜಾತಿ, ಅಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರಕ್ಕೆ ದಾಟಿದರೆ ಮೂರನೇ ಪಟ್ಟಿ. ದಲ್ಲಾಳಿಗೆ ಮಾತ್ರ ಯಾವ ಪಟ್ಟಿಯ ಗೊಂದಲವೂ ಇಲ್ಲ.)

ನಾವು ಗಮನಿಸಬೇಕಾದದ್ದು ಇದು: ಆ ಕೂಸುಗಳಿಗೆಲ್ಲ ಕಾಗದ ಇತ್ತು. ತಾಯಿ ಒಪ್ಪಿದ ಪತ್ರ ಇತ್ತು, ಹೆಬ್ಬೆಟ್ಟು ಇತ್ತು, ಸಾಕ್ಷಿ ಇತ್ತು, ಸಂಸ್ಥೆಗೆ ಲೈಸೆನ್ಸ್ ಇತ್ತು. ಬರೆದವರು ಯಾರು? ಸಂಸ್ಥೆಯಿಂದ ಸಂಬಳ ತಗೊಳ್ಳುವವರು. ಸಂಸ್ಥೆ ಬದುಕುವುದು ಯಾವುದರಿಂದ? ಮಗು ಹೋಗುವುದರಿಂದ. ಇನ್ನು ತಾಯಿಯ ಬಾಗಿಲಲ್ಲಿ ನಿಂತು ‘ಕೊಡಬೇಡವ್ವ, ಇಟ್ಕೊ, ದಾರಿ ಇದೆ’ ಎಂದು ಹೇಳುವ ಬಾಯಿ ಎಲ್ಲಿಂದ ಬರಬೇಕು? ಭಗವತಿಯವರ ತೀರ್ಪು ಮೊದಲ ಬಾಗಿಲು ಅಂದಿದ್ದನ್ನು ಇವರು ಹಿತ್ತಿಲ ಬಾಗಿಲು ಮಾಡಿಕೊಂಡರು. 2001ರಲ್ಲಿ ಆಂಧ್ರ ಸರ್ಕಾರ ಬಡತನದ ಕಾರಣಕ್ಕೆ, ಮಕ್ಕಳು ಜಾಸ್ತಿ ಎಂಬ ಕಾರಣಕ್ಕೆ, ಹೆಣ್ಣು ಎಂಬ ಕಾರಣಕ್ಕೆ ಹೆತ್ತವರು ಮಗುವನ್ನು ಒಪ್ಪಿಸುವುದನ್ನೇ ನಿಷೇಧಿಸಿತು. ಒಳ್ಳೆಯದೇ ಎನ್ನೋಣ. ಆದರೆ ಆ ಹೆಂಗಸಿನ ಕೂಲಿ ಹೆಚ್ಚಿಸಲಿಲ್ಲ. ಒಪ್ಪಿಸುವುದಕ್ಕಾದರೆ ಒಂದು ಸಹಿ ಬೇಕು; ‘ಬೇಲಿ ಮರೆಯಲ್ಲಿ ಸಿಕ್ಕಿತು’ ಅನ್ನೋದಕ್ಕೆ ಸಹಿಯೂ ಬೇಡ.

ಇದಕ್ಕೆ ಪೂರ್ತಿ ತಿರುಗಾಮುರುಗಾ ಆದ ಕತೆಯೊಂದು ಅಮೆರಿಕದಲ್ಲಿದೆ, ಕರಿಯರ ಹೋರಾಟದಿಂದ ಕಲಿತ ನಮಗೆ ಅದೂ ಗೊತ್ತಿರಬೇಕು. ಅಲ್ಲಿನ ಮೂಲನಿವಾಸಿಗಳ ಮನೆಗಳಿಗೆ ಕೇಸ್ ವರ್ಕರುಗಳು ಬಾರದೆ ಇರಲಿಲ್ಲ, ಬೇಕಾದ್ದಕ್ಕಿಂತ ಹೆಚ್ಚೇ ಬಂದರು. ಬಂದು, ನಲ್ಲಿ ಇಲ್ಲ, ಬೇರೆ ಮಲಗುವ ಕೋಣೆ ಇಲ್ಲ, ಮಗುವನ್ನು ಅಜ್ಜಿ ಹತ್ತಿರ ಬಿಟ್ಟಿದ್ದಾರೆ, ಆದ್ದರಿಂದ ಹೆತ್ತವರಿಗೆ ಕಾಳಜಿ ಇಲ್ಲ ಎಂದು ಬರೆದುಕೊಂಡು ಮಕ್ಕಳನ್ನು ಎತ್ತಿಕೊಂಡು ಹೋದರು. 1958ರಿಂದ 1967ರವರೆಗೆ ಸರ್ಕಾರವೇ ನಡೆಸಿದ ಒಂದು ಯೋಜನೆಯಲ್ಲಿ 395 ಮಕ್ಕಳು ಹೆಚ್ಚಾಗಿ ಬಿಳಿಯರ ಮನೆಗಳಿಗೆ ದತ್ತು ಹೋದರು. 1969 ಮತ್ತು 1974ರಲ್ಲಿ ನಡೆಸಿದ ಸಮೀಕ್ಷೆಗಳು ನೂರಕ್ಕೆ 25ರಿಂದ 35 ಮೂಲನಿವಾಸಿ ಮಕ್ಕಳು ತಮ್ಮ ಮನೆಗಳಿಂದ ಬೇರೆಯಾಗಿದ್ದಾರೆ ಎಂದು ಹೇಳಿದವು. ಆ ಜನ ಹೋರಾಡಿ 1978ರಲ್ಲಿ ಕಾಯಿದೆ ತಂದರು: ಮೊದಲು ಬಂಧುಬಳಗ, ಆಮೇಲೆ ಅದೇ ಬುಡಕಟ್ಟು, ಆಮೇಲೆ ಉಳಿದವರು. ಅದನ್ನು ಕೆಡವಲು ಹೋದವರಿಗೆ 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಸೋಲಾಯಿತು. ಬಡತನವನ್ನು ಕಂಡು ತಾಯ್ತನವೇ ಇಲ್ಲ ಎಂದು ಬರೆಯುವ ಪೆನ್ನು ಬರೇ ಅಮೆರಿಕದಲ್ಲಿಲ್ಲ. ನಮ್ಮ ಗುಡಿಸಲಿಗೆ ಬಂದು ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತು ಬರೆದುಕೊಂಡು ಹೋದ ಓದಿದವರನ್ನು ನಾವೂ ನೋಡಿದ್ದೇವೆ.

ಈಗಿನ ಕಾನೂನು 2015ರದು, ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. ಯಾವ ಧರ್ಮದವರಾದರೂ ಇದರಡಿ ದತ್ತು ಪಡೆಯಬಹುದು. ಮಗುವನ್ನು ಒಪ್ಪಿಸಬೇಕೆನ್ನುವವರು ಮಕ್ಕಳ ಕಲ್ಯಾಣ ಸಮಿತಿಯ ಎದುರೇ ಒಪ್ಪಿಸಬೇಕು. ಮನಸ್ಸು ಬದಲಾಯಿಸಲು 2 ತಿಂಗಳು. ಬಿಟ್ಟುಹೋದ ಕೂಸಾದರೆ ಹೆತ್ತವರನ್ನು ಹುಡುಕಬೇಕು, ಪತ್ರಿಕೆಯಲ್ಲಿ ಹಾಕಬೇಕು. 2 ವರ್ಷದೊಳಗಿನ ಮಗುವಿಗೆ 2 ತಿಂಗಳು, ದೊಡ್ಡದಕ್ಕೆ 4 ತಿಂಗಳೊಳಗೆ ತೀರ್ಮಾನ. ಅಕ್ಷರ ಬಾರದವಳನ್ನು ಪತ್ರಿಕೆಯಲ್ಲಿ ಹುಡುಕುತ್ತಾರೆ ನೋಡಿ! ಸಂತೆಯಲ್ಲಿ ತಮಟೆ ಹೊಡೆಸಿದ್ದರೆ ಬೇಗ ಸಿಗುತ್ತಿದ್ದಳು. ಮನೆ ವರದಿಯನ್ನು ಸಮಾಜ ಕಾರ್ಯಕರ್ತರು 60 ದಿನದೊಳಗೆ ಬರೆಯಬೇಕು. 5 ವರ್ಷ ದಾಟಿದ ಮಗುವನ್ನು ಅದರ ಒಪ್ಪಿಗೆ ಕೇಳಬೇಕು — ಕಿತ್ತೂರಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಆದ ದೊಡ್ಡ ಬದಲಾವಣೆ ಇದೇ ಎಂದು ನಮಗನ್ನಿಸುತ್ತದೆ. ಮಗು ಹೊಸ ಮನೆ ಸೇರಿದ ಮೇಲೆ 2 ವರ್ಷ, ಆರಾರು ತಿಂಗಳಿಗೊಮ್ಮೆ ಹೋಗಿ ನೋಡಬೇಕು. ಹೊಂದಿಕೆ ಆಗದಿದ್ದರೆ ಬುದ್ಧಿ ಹೇಳಬೇಕು, ಅದೂ ಆಗದಿದ್ದರೆ ಮಗುವನ್ನು ವಾಪಸು ತಂದು ಬೇರೆ ಮನೆ ಹುಡುಕಬೇಕು. ದತ್ತು ಆದೇಶ ಕೊಡುವ ಅಧಿಕಾರ 2022ರ ಸೆಪ್ಟೆಂಬರಿನಿಂದ ಕೋರ್ಟಿನದಲ್ಲ, ಜಿಲ್ಲಾಧಿಕಾರಿಯದು. ತಡ ತಪ್ಪಲಿ ಅಂತ ಮಾಡಿದ್ದು. ಬರ, ನೆರೆ, ಎಲೆಕ್ಷನ್ನು ಎಲ್ಲ ನೋಡುವ ಅದೇ ಮೇಜಿನ ಮೇಲೆ ಈ ಫೈಲೂ ಬಂದು ಕೂತಿದೆ.

ಎರಡು ವರ್ಷದಲ್ಲಿ ನಾಲ್ಕು ಭೇಟಿ. ಹೋಗುವವಳು ಗುತ್ತಿಗೆ ನೌಕರಳಾಗಿದ್ದರೆ, ಬಸ್ ಚಾರ್ಜು ಕೈಯಿಂದ ಹಾಕಬೇಕಾದರೆ, ಮೊದಲೇ ಫೋನು ಮಾಡಿ ‘ನಾಳೆ ಬರ್ತೀನಿ’ ಎಂದು ಹೇಳಿ ಹೋದರೆ ಅವಳಿಗೆ ಕಾಣುವುದು ಹೊಸ ಅಂಗಿ, ಮೇಜಿನ ಮೇಲಿನ ಬಿಸ್ಕತ್ತು. ಮಗುವನ್ನು ಬೇರೆ ಕೂರಿಸಿ ಮಾತಾಡಿಸಿದಳೇ, ಅದರ ಮೇಷ್ಟ್ರನ್ನು ಕಂಡಳೇ, ಅದು ರಾತ್ರಿ ಎಲ್ಲಿ ಮಲಗುತ್ತದೆ ಎಂದು ಒಳಗೆ ಹೋಗಿ ನೋಡಿದಳೇ? ಮಗುವಿನ ಸುರಕ್ಷತೆ ಅನ್ನೋದು ಫಾರಂ ತುಂಬುವುದರಲ್ಲಿಲ್ಲ, ಈ ನಡೆಯಲ್ಲಿದೆ. ಇದನ್ನು ಹೇಳಿ ಅವಳೊಬ್ಬಳ ಮೇಲೆ ಗೂಬೆ ಕೂರಿಸುವುದು ನಮ್ಮ ಉದ್ದೇಶವಲ್ಲ. ಅವಳ ಕೈಗೆ ಅಷ್ಟು ದೊಡ್ಡ ಹೊಣೆ ಕೊಟ್ಟವರು ಎಷ್ಟು ಸಂಬಳ ಕೊಟ್ಟರು, ಎಷ್ಟು ತಾಲೂಕು ಹಂಚಿದರು ಎಂದು ಕೇಳಬೇಕು. ತಾಯಿಯ ಹತ್ತಿರವೇ ಮಗು ಉಳಿಯಲಿ ಎಂದು ತಿಂಗಳಿಗೆ 4,000 ರೂಪಾಯಿ ಕೊಡುವ ಪ್ರಾಯೋಜಕತ್ವದ ಯೋಜನೆ 2022ರ ಮಿಷನ್ ವಾತ್ಸಲ್ಯದಲ್ಲಿದೆ. ಒಪ್ಪಿಗೆ ಪತ್ರ ಕೈಗೆ ಕೊಡುವ ಮೊದಲು ಇದನ್ನು ಅವಳಿಗೆ ಓದಿ ಹೇಳಿದರೋ ಇಲ್ಲವೋ, ಅದನ್ನೂ ಕೇಳಬೇಕು.

ಇನ್ನು 1956ರ ದಾರಿ ಈಗಲೂ ತೆರೆದೇ ಇದೆ. ಮನೆಯಿಂದ ಮನೆಗೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದು ಪತ್ರ. ಕೊಟ್ಟವರ, ಪಡೆದವರ ಸಹಿ ಇರುವ ನೋಂದಾಯಿತ ಪತ್ರ ತೋರಿಸಿದರೆ ದತ್ತು ಸರಿಯಾಗಿಯೇ ಆಗಿದೆ ಎಂದು ಕೋರ್ಟು ನಂಬಿಕೊಳ್ಳಬೇಕು. ಹೆಚ್ಚಿನವು ನೆಂಟರ ನಡುವಿನವು, ಪ್ರೀತಿಯವು ಎಂದೇ ಇಟ್ಟುಕೊಳ್ಳೋಣ. ಆದರೂ ಆ ಪತ್ರ ಬರೆದ ಮೇಲೆ ಬಾಗಿಲು ತಟ್ಟುವವರು ಯಾರೂ ಇಲ್ಲ. ಪತ್ರವೂ ಇಲ್ಲದ ‘ಸಾಕು’ಗಳ ಕತೆಯನ್ನು ಹೇಳುವುದೇ ಬೇಡ.

ಕೆಲವು ವರ್ಷದ ಹಿಂದೆ ಒಂದು ಹೋಬಳಿ ಊರಿನ ಶಾಲೆಗೆ ನಾವು ಹೋಗಿದ್ದೆವು. ಮೇಷ್ಟ್ರು ಹಾಜರಿ ತೋರಿಸುತ್ತಾ ದಾಖಲಾತಿ ಪುಸ್ತಕ ತೆಗೆದರು. ಪೋಷಕರಿಗೂ ಮಗುವಿಗೂ ಇರುವ ಸಂಬಂಧ ಬರೆಯುವ ಕಲಂನಲ್ಲಿ ಎಲ್ಲ ಕಡೆ ತಂದೆ, ತಾಯಿ, ಅಜ್ಜ. ಒಂದು ಹುಡುಗಿಯ ಮುಂದೆ ಮಾತ್ರ ‘ಸಾಕು’ ಎಂದು ಎರಡಕ್ಷರ. ಪತ್ರ ಇದೆಯಾ ಎಂದರೆ, ಇಲ್ಲ ಸಾರ್, ದೂರದೂರಿಂದ ತಂದು ಸಾಕ್ಕೊಂಡವರೆ ಎಂದರು. ಆ ತಿಂಗಳಲ್ಲಿ ಅವಳ ಹಾಜರಿ ಒಂಬತ್ತು ದಿನ. ಉಳಿದ ದಿನ ಎಲ್ಲಿ ಅಂತ ಮೇಷ್ಟ್ರೂ ಕೇಳಿರಲಿಲ್ಲ. ದೊಡ್ಡವರ ಮನೆ, ನಮಗ್ಯಾಕೆ ಎಂದು ಸುಮ್ಮನಿದ್ದರು. ನಾವು ಅವರನ್ನು ಬೈಯಲಿಲ್ಲ. ಮಧ್ಯಾಹ್ನದ ಊಟದ ಗಂಟೆ ಆದ ಮೇಲೆ ಅವರೇ ಎದ್ದು, ಚಪ್ಪಲಿ ಮೆಟ್ಟಿಕೊಂಡು, ‘ಬನ್ನಿ, ಆ ಮನೇಗೆ ಹೋಗಿ ಬರೋಣ’ ಎಂದರು. ಹುಡುಗಿ ಹಿತ್ತಿಲಲ್ಲಿ ಪಾತ್ರೆಗಳ ನಡುವೆ ಕೂತಿದ್ದಳು. ಎಲ್ಲಿ ಮಲಗ್ತೀಯವ್ವ ಎಂದು ಮೇಷ್ಟ್ರು ಕೇಳಿದರು. ಅವಳು ಬೂದಿ ಮೆತ್ತಿದ ಕೈಯೆತ್ತಿ ಕೊಟ್ಟಿಗೆಯ ಕಡೆ ತೋರಿಸಿದಳು. ವಾಪಸು ಬರುವ ದಾರಿಯಲ್ಲೇ ನಿಂತು ಮೇಷ್ಟ್ರು 1098ಕ್ಕೆ ಫೋನು ಮಾಡಿದರು. ಆ ಕಡೆಯವರು ಹೆಸರು, ಊರು, ವಯಸ್ಸು ಒಂದೊಂದೇ ಕೇಳಿ ಬರೆದುಕೊಳ್ಳುತ್ತಿದ್ದರು. ತಂದೆಯ ಹೆಸರು ಕೇಳಿದಾಗ ಮೇಷ್ಟ್ರು ನಮ್ಮ ಮುಖ ನೋಡಿದರು.